ಎಸೆಯಬೇಕಾದ್ದನ್ನು ಉಳಿಸಿ, ಉಳಿಸಬೇಕಾದ್ದನ್ನು ಎಸೆಯುತ್ತಿದ್ದೇವೆ

ಟರ್ಬೊ ಇರುವ ಕಾರಿನ ಇಂಜಿನ್ ಬಿಚ್ಚಿ ಮತ್ತೆ ಕಟ್ಟುವುದು ಈಗ ಸಣ್ಣ ಊರಿನ ಗ್ಯಾರೇಜಿನಲ್ಲೂ ಮಾಮೂಲಿ ಕೆಲಸ. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂತು. ಅಲ್ಲಿಂದ 2020ರ ಏಪ್ರಿಲ್‌ನಲ್ಲಿ ಬಿಎಸ್‌–6 ಜಾರಿಯಾಗುವವರೆಗೆ ಫಿಯೆಟ್ ರೂಪಿಸಿದ ಅದರ 1248 ಸಿಸಿ ಡೀಸೆಲ್ ಇಂಜಿನ್ ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾಗಳ ಬಾನೆಟ್ ಕೆಳಗೆಲ್ಲ ಕೂತಿತ್ತು. ಆ ಕಾರುಗಳಿಗೆ ವಯಸ್ಸಾಗಿದೆ; ಪಿಕಪ್ ಇಲ್ಲ, ಆಯಿಲ್ ಕುಡಿಯುತ್ತದೆ, ಹೊಗೆ ಬರುತ್ತದೆ ಎಂದು ಒಂದೊಂದೇ ಗ್ಯಾರೇಜಿಗೆ ಬರುತ್ತಿವೆ. ಇಂಜಿನ್ ಹೊರಗೆ ತೆಗೆದು ಮಗ್ಗುಲಲ್ಲಿ ಬಿಡಿಭಾಗಗಳ ರಾಶಿ ಬಿದ್ದಾಗ ಯಾವುದನ್ನು ವಾಪಸ್ ಕೂರಿಸಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂಬ ತೀರ್ಮಾನ ಆಗಬೇಕಾಗುತ್ತದೆ. ಅಲ್ಲಿ ನಡೆಯುವುದು ಬಹುಪಾಲು ತಲೆಕೆಳಗು ಎಂಬುದು ನನ್ನ ವಾದ. ಇಜಿಆರ್ ವಾಲ್ವ್, ಕ್ಯಾಟಲಿಟಿಕ್ ಕನ್ವರ್ಟರ್, ಬಿಸಿ ತಡೆಯುವ ತಗಡು ಇವೆಲ್ಲ ‘ಬೇಡದ ತಲೆನೋವು’ ಎನಿಸಿಕೊಂಡು ಹೊರಹೋಗುತ್ತವೆ. ಆಯಿಲ್ ಪೈಪು, ಇಂಟರ್‌ಕೂಲರ್, ಹಳೇ ರಬ್ಬರ್ ಹೋಸುಗಳು ‘ಚೆನ್ನಾಗೇ ಇವೆ’ ಎಂದು ಹೊಸ ಟರ್ಬೊ ಪಕ್ಕದಲ್ಲೇ ಮತ್ತೆ ಕೂರುತ್ತವೆ.

ಟರ್ಬೊಗೆ ಆಯಿಲ್ ಒಯ್ಯುವ ಪೈಪನ್ನೇ ನೋಡಿ. ಬೆರಳಿಗಿಂತ ತೆಳ್ಳಗಿನ ಲೋಹದ ನಳಿಗೆ ಅದು. ಸಣ್ಣ ಟರ್ಬೊ ಒಂದು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಆ ವೇಗದಲ್ಲಿ ಅದರ ಶಾಫ್ಟ್ ಆಯಿಲಿನ ತೆಳು ಪದರದ ಮೇಲೆ ತೇಲುತ್ತಿರುತ್ತದೆ, ಬೇರೆ ಆಸರೆ ಇಲ್ಲ. ಬಿಸಿ ಇಂಜಿನ್ನನ್ನು ತಟ್ಟನೆ ಆಫ್ ಮಾಡಿದಾಗಲೆಲ್ಲ ಆ ನಳಿಗೆಯಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗಿ ಒಳಗೋಡೆಗೆ ಅಂಟುತ್ತದೆ. ವರ್ಷಗಟ್ಟಲೆ ಹೀಗಾದ ಮೇಲೆ ಪೈಪು ಹೊರಗಿನಿಂದ ಹೊಳೆಯುತ್ತಿದ್ದರೂ ಒಳಗಿನ ದಾರಿ ಅರ್ಧ ಮುಚ್ಚಿರುತ್ತದೆ. ಪೂಜೊ–ಸಿಟ್ರನ್ ಮತ್ತು ಫೋರ್ಡ್ ಕೂಡಿ ಮಾಡಿದ 1.6 ಲೀಟರ್ ಡೀಸೆಲ್ ಇಂಜಿನ್ ಯುರೋಪಿನಲ್ಲಿ ಈ ಪಾಠವನ್ನು ದುಬಾರಿಯಾಗಿ ಕಲಿಸಿತು (ನಮ್ಮ ಫಿಗೊದಲ್ಲಿದ್ದ 1.4 ಡೀಸೆಲ್ ಇದರದೇ ತಮ್ಮ). ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರಿ ಕರಿ ಆಯಿಲಿಗೆ ಸೇರುತ್ತಿತ್ತು. ಆಯಿಲ್ ಪೈಪಿನ ಬೋಲ್ಟಿನೊಳಗಿದ್ದ ಪುಟ್ಟ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಆಯಿಲ್ ಸಿಗದೆ ಟರ್ಬೊ ಹೋಗುತ್ತಿತ್ತು. ಹೊಸ ಟರ್ಬೊ ಹಾಕಿ ಹಳೇ ಪೈಪು ಉಳಿಸಿದ ಕಾರುಗಳಲ್ಲಿ ಅದೂ ಬೇಗನೆ ಹಾಳಾಗುತ್ತಿತ್ತು. ಹಾಗಾಗಿಯೇ ಟರ್ಬೊ ಬದಲಿಸುವಾಗ ಆ ಪೈಪೂ ಹೊಸದಾಗಬೇಕು, ಸಂಪ್ ಬಿಚ್ಚಿ ಆಯಿಲ್ ಎಳೆಯುವ ಜಾಲರಿಯನ್ನೂ ನೋಡಬೇಕು ಎಂಬುದು ಅಲ್ಲಿ ಕಟ್ಟುನಿಟ್ಟಿನ ಷರತ್ತಾಯಿತು. ಟರ್ಬೊಗೆ ಹೋಲಿಸಿದರೆ ಪೈಪಿನ ಬೆಲೆ ಪುಡಿಗಾಸು. ಅಲ್ಲಿ ಉಳಿತಾಯ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸಿ ಇಂಜಿನ್ನಿಗೆ ಕಳಿಸುವ ಇಂಟರ್‌ಕೂಲರಿನ ಮಾತೂ ಹೆಚ್ಚುಕಡಿಮೆ ಇದೇ. ಟರ್ಬೊದ ಚಕ್ರ ಮುರಿದರೆ ಅಲ್ಯುಮಿನಿಯಂ ಚೂರು, ಸೀಲ್ ಹೋದರೆ ಆಯಿಲ್, ಎರಡೂ ಅದರ ಸಣ್ಣ ಸಂದುಗಳಲ್ಲಿ ಉಳಿದಿರುತ್ತವೆ. ಅದನ್ನು ತೊಳೆಯದೆ ಕೂರಿಸಿದರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ, ತಾನೇ ಒಡೆದುಹೋಗುವಷ್ಟು ಓಡಬಲ್ಲದು. ಹೊಸದಾಗಿ ಕಟ್ಟಿದ ಇಂಜಿನ್ ಮೊದಲ ದಿನವೇ ಹಾಗೆ ಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ? ಚೂರು ಹೊಕ್ಕಿದ್ದರೆ ತೊಳೆಯುವುದನ್ನೂ ನಂಬುವಂತಿಲ್ಲ, ಬದಲಿಸಲೇಬೇಕು.

ಇನ್ನು ಎಸೆಯುವ ಸಾಮಾನಿನ ಕಡೆಗೆ ಬರೋಣ. ಮೊದಲು ಹೋಗುವುದು ಇಜಿಆರ್. ಹೊಗೆಕೊಳವೆಯ ಅನಿಲದಲ್ಲಿ ಒಂದಿಷ್ಟನ್ನು ಮತ್ತೆ ಇಂಜಿನ್ನಿಗೆ ಕಳಿಸಿ, ಉರಿಯ ತಾಪ ಇಳಿಸಿ, ನೈಟ್ರೋಜನ್ ಆಕ್ಸೈಡ್ ಹುಟ್ಟದಂತೆ ನೋಡಿಕೊಳ್ಳುವ ವಾಲ್ವ್ ಇದು. ಮೆಕ್ಯಾನಿಕ್‌ಗಳ ತಕರಾರು ಸುಳ್ಳಲ್ಲ. ಆ ಅನಿಲದ ಮಸಿ, ಬ್ರೀದರಿನಿಂದ ಬರುವ ಆಯಿಲ್ ಹಬೆ ಎರಡೂ ಸೇರಿ ಗಾಳಿ ಒಳಬರುವ ದಾರಿಯಲ್ಲಿ ಡಾಂಬರಿನಂತೆ ಕಟ್ಟುತ್ತವೆ, ವಾಲ್ವ್ ಅಂಟಿಕೊಳ್ಳುತ್ತದೆ, ಗಾಡಿ ಎಳೆಯುವುದಿಲ್ಲ. ತಗಡಿನ ತುಂಡೊಂದನ್ನು ಅಡ್ಡ ಕೂರಿಸಿ ಮುಚ್ಚಿದರೆ ತಕರಾರು ಮುಗಿಯಿತು, ಪಿಯುಸಿ ಕೂಡ ಪಾಸಾಗುತ್ತದೆ ಎನ್ನುತ್ತಾರೆ. ಪಾಸಾಗುವುದೂ ನಿಜವೇ, ಏಕೆಂದರೆ ಡೀಸೆಲ್ ಗಾಡಿಯ ಪಿಯುಸಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಆ ಯಂತ್ರದ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರಿನವನ ಶ್ವಾಸಕೋಶ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂಜಿನ್ ಹೇಗೂ ಪೂರ್ತಿ ಬಿಚ್ಚಿರುವಾಗ ವಾಲ್ವನ್ನೂ ಮ್ಯಾನಿಫೋಲ್ಡನ್ನೂ ತೊಳೆದು ಕೂರಿಸಲು ಅರ್ಧ ದಿನ ಸಾಕು, ಮಸಿ ಮತ್ತೆ ಆ ಮಟ್ಟಕ್ಕೆ ಕಟ್ಟಲು ವರ್ಷಗಳು ಬೇಕು. ಕನ್ವರ್ಟರ್ ವಿಷಯದಲ್ಲಂತೂ ಮಾಲೀಕನಿಗೆ ಎರಡು ಕಡೆಯ ಪೆಟ್ಟು. ಅದರೊಳಗಿರುವುದು ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹ. ಕಳಚಿದ್ದಕ್ಕೆ ಕೂಲಿ ಕೊಟ್ಟವನೇ ಆ ಬೆಲೆಬಾಳುವ ಸಾಮಾನನ್ನೂ ಬಿಟ್ಟು ಬರುತ್ತಾನೆ.

ಪೆಟ್ರೋಲ್ ಟರ್ಬೊಗಳು ಈಗ ರಸ್ತೆ ತುಂಬ ಇವೆ. ಅವುಗಳ ಸರದಿಯೂ ಬರಲಿದೆಯಾದ್ದರಿಂದ ಈಗಲೇ ಹೇಳಬೇಕಾದ ಮಾತೊಂದಿದೆ. ಬ್ರೇಕ್ ಬೂಸ್ಟರಿಗೆ ಹೋಗುವ ಹೋಸಿನಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಪ್ಲಾಸ್ಟಿಕ್ ವಾಲ್ವ್ ಇರುತ್ತದೆ. ಪೆಟ್ರೋಲ್ ಟರ್ಬೊ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಒಮ್ಮೆ ನಿರ್ವಾತ, ಇನ್ನೊಮ್ಮೆ ಒತ್ತಡ. ಆ ಒತ್ತಡ ಬೂಸ್ಟರಿಗೆ ನುಗ್ಗದಂತೆ ತಡೆಯುವುದು ಈ ವಾಲ್ವೇ. ಸಂದಣಿ ಕಡಿಮೆಯಾಗಲಿ, ಬಾನೆಟ್ ಕೆಳಗೆ ನೀಟಾಗಿ ಕಾಣಲಿ ಎಂದು ಹೋಸುಗಳನ್ನು ಕತ್ತರಿಸಿ ಜೋಡಿಸುವಾಗ ಇದು ತಪ್ಪಿಹೋದರೆ, ವೇಗದಲ್ಲಿದ್ದಾಗ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಟರ್ಬೊ ಸುತ್ತಲಿನ ತಗಡಿನ ಕವಚವೂ ಅಷ್ಟೇ ಮುಖ್ಯ. ಬೋಲ್ಟು ತುಕ್ಕು ಹಿಡಿದಿದೆ, ತಗಡು ಗಡಗಡ ಎನ್ನುತ್ತದೆ ಎಂದು ಅದನ್ನು ಮೂಲೆಗೆ ಎಸೆಯುತ್ತಾರೆ. ಎಳೆತದಲ್ಲಿ ಟರ್ಬೊಗೆ ಬರುವ ಅನಿಲದ ತಾಪ 900 ಡಿಗ್ರಿ ಮುಟ್ಟಬಲ್ಲದು, ಅಂಗೈ ಅಗಲದ ದೂರದಲ್ಲಿ ವೈರು, ರಬ್ಬರು, ಆಯಿಲ್ ಇರುತ್ತವೆ. ಕಾರಿಗೆ ಬೆಂಕಿ ಹತ್ತಲು ಇನ್ನೇನೂ ಬೇಕಾಗಿಲ್ಲ.

ಇಷ್ಟೆಲ್ಲ ಮಾಡಿಸಿದರೆ ಬಿಲ್ ಏರುವುದಿಲ್ಲವೇ? ಹತ್ತು ವರ್ಷದ ಟ್ಯಾಕ್ಸಿಗೆ ಅಷ್ಟು ಸುರಿಯುವುದು ಯಾರಿಗೆ ಸಾಧ್ಯ? ನ್ಯಾಯವಾದ ಪ್ರಶ್ನೆ ಇದು, ಕಾರಿನ ದುಡಿಮೆಯ ಮೇಲೇ ಬದುಕು ನಿಂತವರ ಪ್ರಶ್ನೆ. ಆದರೆ ಲೆಕ್ಕ ಹಾಕಿದರೆ ಉಳಿಸಿಕೊಳ್ಳಬೇಕೆಂದ ಸಾಮಾನಿಗೆ ತೊಳೆಯುವ ಕೂಲಿ ಬಿಟ್ಟರೆ ಹೆಚ್ಚೇನೂ ಖರ್ಚಿಲ್ಲ. ಬದಲಿಸಬೇಕೆಂದದ್ದು ಪೈಪು, ಹೋಸು, ವಾಷರು, ಗ್ಯಾಸ್ಕೆಟ್, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವಂಥವು. ಇಂಟರ್‌ಕೂಲರ್ ಒಂದೇ ಜೇಬಿಗೆ ಭಾರ, ಅದೂ ಟರ್ಬೊ ಮುರಿದಿದ್ದರೆ ಮಾತ್ರ. ಇದರ ಎದುರಿಗೆ ಎರಡನೇ ಸಲ ಟರ್ಬೊ ಹೋದರೆ ಕಾರು ಎಷ್ಟು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ, ಅಷ್ಟು ದಿನದ ದುಡಿಮೆ ಎಷ್ಟು ಎಂಬುದನ್ನು ಇಟ್ಟು ನೋಡಲಿ.

ಹೀಗೆ ಕಳಚಿ ಎಸೆಯುವುದರ ವಿರುದ್ಧ ಕಾನೂನು ಈಗಾಗಲೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಬಂದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಹೇಳುತ್ತದೆ. ಶಿಕ್ಷೆಯೆಲ್ಲ ಮಾಲೀಕನಿಗೆ, ಸಲಹೆ ಕೊಟ್ಟ ಗ್ಯಾರೇಜಿನ ಬಿಲ್ಲಿನಲ್ಲಿ ಮಾತ್ರ ‘ಇಂಜಿನ್ ಕೆಲಸ’ ಎಂಬ ಒಂದೇ ಸಾಲು. ತೆಗೆದದ್ದೇನು, ಹಾಕಿದ್ದೇನು ಎಂದು ಬಿಲ್ಲಿನಲ್ಲಿ ಬರೆಯುವುದನ್ನು ಸಾರಿಗೆ ಇಲಾಖೆ ಕಡ್ಡಾಯ ಮಾಡಲಿ. ಎಫ್‌ಸಿಗೆ ಬಂದ ಟ್ಯಾಕ್ಸಿಯ ಇಂಜಿನ್ ನಂಬರ್ ನೋಡಲು ಬಾನೆಟ್ ಎತ್ತಿದಾಗ ಇಜಿಆರ್‌ಗೆ ತಗಡು ಬಡಿದಿದೆಯೇ, ಕನ್ವರ್ಟರ್ ಜಾಗದಲ್ಲಿ ಬರೀ ಪೈಪು ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಲು ಐದು ನಿಮಿಷ ಸಾಕು.