ಬ್ರೆಜಿಲ್‌ನ ಇದ್ದಿಲು ಪೀಣ್ಯಕ್ಕೆ ಬೇಡ

ಬ್ರೆಜಿಲ್ ಇದ್ದಿಲಿನಿಂದಲೂ ಕಬ್ಬಿಣ ತೆಗೆಯುತ್ತಿದೆ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದಲ್ಲಿ ನೀಲಗಿರಿ ಬೆಳೆಸಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿಗೆ ನಾವೂ ಇದ್ದಿಲು ಕೊಡಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ಎರಡು ದೇಶಗಳ ಇದ್ದಿಲು ಉತ್ಪಾದನೆಯನ್ನು ಅಕ್ಕಪಕ್ಕ ಇಟ್ಟು, ನಾವು ಹಿಂದುಳಿದಿದ್ದೇವೆ ಎನ್ನುತ್ತಾರೆ. ಈ ವಾದ ತಪ್ಪು.

ಆ ಹೋಲಿಕೆಯೇ ಸರಿಯಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಇದ್ದಿಲು ಮಾಡುವ ದೇಶ ಬ್ರೆಜಿಲ್. ಅಲ್ಲಿ ಬಹುಪಾಲು ಕಬ್ಬಿಣದ ಕುಲುಮೆಗೆ ಹೋಗುವುದರಿಂದ ಕಾರ್ಖಾನೆಯ ಖರೀದಿಯಲ್ಲಿ ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಬಳ್ಳಾರಿ ಜಾಲಿ ಸುಟ್ಟು ಮೂಟೆ ಕಟ್ಟಿದ ಇದ್ದಿಲು ಇಸ್ತ್ರಿ ಪೆಟ್ಟಿಗೆಗೆ, ತಂದೂರಿ ಒಲೆಗೆ ಸೇರುತ್ತದೆ. ಅದರ ಅಂಕಿ ಬಹುಮಟ್ಟಿಗೆ ಅಂದಾಜು.

ಅದಕ್ಕಿಂತ ದೊಡ್ಡ ತಪ್ಪು ಕುಲುಮೆಯನ್ನೇ ಅರಿಯದಿರುವುದು. ಮಿನಾಸ್ ಜೆರೈಸ್ ರಾಜ್ಯದ ಊದುಕುಲುಮೆಗಳಲ್ಲಿ ಇದ್ದಿಲಿಗೆ ಎರಡು ಕೆಲಸ: ಬಿಸಿ ಕೊಡುವುದು, ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದು. ಪೀಣ್ಯದ ಫೌಂಡ್ರಿಗೆ ಅದಿರು ಬರುವುದೇ ಇಲ್ಲ. ಬರುವುದು ಗುಜರಿ ಮತ್ತು ಬೀಡು ಕಬ್ಬಿಣ. ಅದನ್ನು ಕರಗಿಸಿದರೆ ಸಾಕು, ಅದಕ್ಕೆ ಬೇಕಾದ್ದು ಬಿಸಿ ಮಾತ್ರ. ಆ ಬಿಸಿಯನ್ನು ಇಂಡಕ್ಷನ್ ಫರ್ನೇಸ್ ವಿದ್ಯುತ್ತಿನಿಂದಲೇ ಕೊಡುತ್ತದೆ. ಕೋಕ್ ಹಾಕುವ ಕ್ಯುಪೋಲಾದಲ್ಲಿ ಇದ್ದಿಲು ತುಂಬಿದರೆ ಮೇಲಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟುತ್ತದೆ. ಬ್ರೆಜಿಲ್‌ನ ಇದ್ದಿಲು ಕುಲುಮೆಗಳು ಗಾತ್ರದಲ್ಲಿ ಚಿಕ್ಕವಾಗಿರುವುದಕ್ಕೂ ಇದೇ ಕಾರಣ.

"ಭದ್ರಾವತಿಯಲ್ಲಿ ನಾವೇ ಮಾಡಿದ್ದೆವಲ್ಲ?" ಮಾಡಿದ್ದೆವು, ಹೆಮ್ಮೆಯ ಮಾತೇ. 1918ರಲ್ಲಿ ಮೈಸೂರು ಸಂಸ್ಥಾನ ಕೈಹಾಕಿದ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರಿನಿಂದ, ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ತೆಗೆಯಿತು. ಆದರೆ ಮುಂದಿನ ಕಥೆಯನ್ನೂ ಹೇಳಬೇಕು. 1950ರ ದಶಕದಲ್ಲಿ ಅಲ್ಲಿಗೆ ವಿದ್ಯುತ್ ಕುಲುಮೆಗಳು ಬಂದವು. ಬಿಸಿಯ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು. ಅದಿರು ಕರಗಿಸುತ್ತಿದ್ದ ಭದ್ರಾವತಿಯೇ ಆಗ ಹಿಡಿದ ದಾರಿಯಿಂದ ಪೀಣ್ಯ ಈಗ ಹಿಂದೆ ಸರಿಯಬೇಕೆ?

ಇನ್ನು ಭೂಮಿ. ಮಿನಾಸ್ ಜೆರೈಸ್ ಒಂದೇ ಕರ್ನಾಟಕದ ಮೂರರಷ್ಟು ದೊಡ್ಡದು. ಅಷ್ಟು ನೆಲವಿದ್ದೂ 1980ರ ದಶಕದಲ್ಲಿ ಅಲ್ಲಿನ ಇದ್ದಿಲಿನ ಬಹುಪಾಲು ಸಹಜ ಕಾಡಿನದಾಗಿತ್ತು. ನೆಡುತೋಪಿನ ಮರವೇ ಮುಖ್ಯವಾಗಲು ದಶಕಗಳು ಹಿಡಿದವು, ಆ ನಡುವೆ ಇದ್ದಿಲಿನ ಗೂಡುಗಳಲ್ಲಿ ಕೂಲಿಗಳನ್ನು ಜೀತಕ್ಕಿಟ್ಟ ಪ್ರಕರಣಗಳೂ ಬಯಲಾದವು. ಇಲ್ಲಿ ಅಂತರ್ಜಲ ಕುಸಿಯುತ್ತದೆಂದು ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ರೈತನ ಪಕ್ಕದಲ್ಲಿ ಮತ್ತೆ ನೀಲಗಿರಿ ಎಬ್ಬಿಸುವುದು ಅನ್ಯಾಯ.

ಮರ ಮತ್ತೆ ಬೆಳೆಯುವುದರಿಂದ ಇಂಗಾಲದ ಹೊರೆಯಿಲ್ಲ ಎನ್ನುವ ಮಾತು ಅರ್ಧ ನಿಜ. ಹಳೆಯ ಮಣ್ಣಿನ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ ಬೇಕು. ಅರ್ಧಕ್ಕಿಂತ ಹೆಚ್ಚು ಶಕ್ತಿ ಅಲ್ಲೇ ಹಾಳು, ಮೀಥೇನ್ ಬೇರೆ ಗಾಳಿ ಸೇರುತ್ತದೆ.

ಕಳೆಗಿಡವಾಗಿ ಹಬ್ಬಿದ ಜಾಲಿಯನ್ನು ಸುಟ್ಟು ಬದುಕುವವರ ಮೇಲೆ ನನ್ನ ತಕರಾರಿಲ್ಲ. ಅವರಿಗೆ ಒಳ್ಳೆಯ ಗೂಡು ಬೇಕು, ನ್ಯಾಯವಾದ ಬೆಲೆ ಬೇಕು. ಫೌಂಡ್ರಿಗಳ ಬೇಡಿಕೆ ಬೇರೆ. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇರುವ ರಾಜ್ಯದಲ್ಲಿ ಸಣ್ಣ ಕೈಗಾರಿಕೆಗೆ ನಿಲ್ಲದ, ಕೈಗೆಟಕುವ ವಿದ್ಯುತ್ ಸಿಗಬೇಕು. ಪೀಣ್ಯದ ಉದ್ಯಮಿಗಳೇ, ಸರ್ಕಾರದ ಮುಂದೆ ಕೇಳುವುದಾದರೆ ಅದನ್ನು ಕೇಳಿ.