ಬೆಸೆದ ಲೋಕಗಳು

ಲೇಖಕನು ಬೇರೆಬೇರೆಯಾಗಿ ಸೃಷ್ಟಿಸಿದ ಲೋಕಗಳನ್ನು ಕಡೆಗೆ ಒಂದುಗೂಡಿಸಬೇಕೆ? ಅಮೆರಿಕದ ಐಸಾಕ್ ಅಸಿಮೋವರ ‘ಐ, ರೋಬಾಟ್’ 1950ರಲ್ಲಿಯೂ ‘ಫೌಂಡೇಶನ್’ 1951ರಲ್ಲಿಯೂ ಪ್ರಕಟವಾದುವು. ಮೊದಲನೆಯದರಲ್ಲಿ, ಮನುಷ್ಯನಿಗೆ ಕೇಡು ಮಾಡಬಾರದೆಂಬ ನಿಯಮಕ್ಕೆ ಒಳಪಟ್ಟ ಯಂತ್ರಮಾನವರ ಕಥೆಗಳಿವೆ. ಎರಡನೆಯದರಲ್ಲಿ ಯಂತ್ರಮಾನವರೇ ಇಲ್ಲ. ತಾರಾಸಾಮ್ರಾಜ್ಯವೊಂದು ಕುಸಿಯುತ್ತಿರುವಾಗ ಮಾನವರೇ ಜ್ಞಾನವನ್ನು ಉಳಿಸಲು ಹೆಣಗುತ್ತಾರೆ. 1985 ಮತ್ತು 1986ರ ಕಾದಂಬರಿಗಳಲ್ಲಿ ಅಸಿಮೋವರು ಈ ಎರಡು ಲೋಕಗಳನ್ನು ಬೆಸೆದರು. ಸಾವಿರಾರು ವರ್ಷ ಮರೆಯಲ್ಲಿದ್ದು ಮಾನವಕುಲವನ್ನು ಕಾಯುತ್ತಿದ್ದವನು ಡ್ಯಾನೀಲ್ ಎಂಬ ಯಂತ್ರಮಾನವನೆಂದು ಅಲ್ಲಿ ತಿಳಿದುಬರುತ್ತದೆ.

ಈ ಜೋಡಣೆ ಬೆರಗುಗೊಳಿಸುವುದು ನಿಜ. ಆದರೆ ಮಾನವರು ಸ್ವಂತ ಬುದ್ಧಿಯಿಂದ ಗಳಿಸಿದರೆಂದು ನಂಬಿದ್ದ ಗೆಲುವು ಕಾವಲುಗಾರನ ಕೃಪೆಯಾಗಿ ಕುಗ್ಗುತ್ತದೆ. ತನ್ನ ಏಳುಬೀಳುಗಳಿಗೆ ತಾನೇ ಹೊಣೆಯಾದ ಮಾನವನ ಕಥೆಯೇ ಹಿರಿದು. ಆದುದರಿಂದ ಆ ಲೋಕಗಳು ಬೇರೆಯಾಗಿಯೇ ಉಳಿಯಬೇಕಿತ್ತೆಂದು ನನ್ನ ಅಭಿಪ್ರಾಯ.