ಮೋಟಾರಿನ ನಾಡಿಯನ್ನು ನೋಡುವ ಸಲಕರಣೆ

ಗೃಹಸ್ಥರ ಮನೆಯಲ್ಲಿ ಜ್ವರ ನೋಡುವ ಕಡ್ಡಿಯೊಂದು ಇರುವದು ಈಗ ಹೊಸ ಸಂಗತಿಯಲ್ಲ. ಮಗುವಿನ ಮೈ ಬೆಚ್ಚಗಾದರೆ ತಾಯಿಯು ಅದನ್ನಿಟ್ಟು ನೋಡಿ, ಕಷಾಯ ಸಾಕೋ, ವೈದ್ಯರ ಬಳಿಗೆ ಹೋಗಬೇಕೋ ಎಂದು ನಿಶ್ಚಯಿಸುವಳು. ಅಷ್ಟರಿಂದ ಅವಳು ವೈದ್ಯಳಾಗುವದಿಲ್ಲ. ಆದರೆ ಗಾಬರಿಯಿಂದಲೂ ಉದಾಸೀನದಿಂದಲೂ ಪಾರಾಗುವಳು. ಮನೆಯ ಕಾರಿಗೂ ಇಂತಹದೇ ಒಂದು ಸಲಕರಣೆಯು ಪೇಟೆಯಲ್ಲಿ ದೊರೆಯುತ್ತಿದೆ. ಅದನ್ನು ಸ್ಕ್ಯಾನರ್ ಎಂದು ಕರೆಯುವರು. ಮಳೆಗಾಲ ಹಿಡಿದಂದಿನಿಂದ ನಮ್ಮ ವಾಚಕರಲ್ಲಿ ಕೆಲವರು, ಇವುಗಳಲ್ಲಿ ಯಾವದನ್ನು ಕೊಳ್ಳುವದು ಲೇಸೆಂದು ಕೇಳುತ್ತಿರುವ ಕಾರಣ, ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವೆವು. ಕೆಲವು ವರ್ಷಗಳ ಹಿಂದೆ, ಆಟಿಯ ಮಳೆ ಬಿಡದೆ ಹೊಯ್ಯುತ್ತಿದ್ದ ದಿನಗಳಲ್ಲಿ, ನಮ್ಮ ಕಾರಿನ ಮುಂಫಲಕದಲ್ಲಿ ಇಂಜಿನಿನ ಚಿತ್ರವುಳ್ಳ ಹಳದಿ ದೀಪವು ಹೊತ್ತಿಕೊಂಡಿತು. ಹೊಸದಾಗಿ ಕೊಂಡಿದ್ದ ಸಲಕರಣೆಯನ್ನು ಉತ್ಸಾಹದಿಂದ ಸಿಕ್ಕಿಸಿ ನೋಡಲು, ಪಿ ೦೧೭೧ ಎಂಬ ಸಂಕೇತವು ಕಾಣಿಸಿತು. ಇಂಜಿನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಮೆ ಎಂಬದೇ ಅದರ ಅರ್ಥ. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು ಈ ಸುದ್ದಿಯನ್ನು ಕೊಡುವದೆಂದು ಎಲ್ಲಿಯೋ ಓದಿದ್ದೆವು. ಆದುದರಿಂದ ಸೆನ್ಸರೇ ಕೆಟ್ಟಿತೆಂದು ತೀರ್ಮಾನಿಸಿ, ಗ್ಯಾರೇಜಿಗೆ ಹೋಗಿ ಅದನ್ನು ಬದಲಿಸಿರೆಂದು ಅಪ್ಪಣೆಮಾಡಿದೆವು. ಹೇಳಿದ್ದನ್ನು ಅವರು ಮಾಡಿಕೊಟ್ಟರು. ಕೆಲವು ಸಾವಿರ ರೂಪಾಯಿ ಹೋಯಿತು.

ನಾಲ್ಕನೆಯ ದಿನ ಮಕ್ಕಳನ್ನೂ ವೃದ್ಧರನ್ನೂ ಕೂಡಿಸಿಕೊಂಡು ಸಕಲೇಶಪುರಕ್ಕೆ ಹೊರಟು, ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಏರುತ್ತಿರುವಾಗ ದೀಪವು ಪುನಃ ಹೊತ್ತಿತು. ಇಂಜಿನು ಎಳೆಯಲಾರದೆ ಹೋಯಿತು. ಹಿಂದೆ ಲಾರಿಗಳ ಸಾಲು, ಮುಂದೆ ದಾರಿ ಕಾಣದಷ್ಟು ಮಳೆ. ಅಂದಿನ ಭಯವನ್ನು ಮನೆಯವರು ಇಂದಿಗೂ ಮರೆತಿಲ್ಲ. ಹೇಗೋ ಹಿಂದಿರುಗಿ ಉಪ್ಪಿನಂಗಡಿಯನ್ನು ಸೇರಲು, ಅಲ್ಲಿಯ ವಯಸ್ಸಾದ ಮೆಕ್ಯಾನಿಕರೊಬ್ಬರು ಬೋನೆಟ್ಟನ್ನು ಎತ್ತಿ, ಕಿವಿಗೊಟ್ಟು ಕೇಳಿ, ರಬ್ಬರಿನ ಸಣ್ಣ ಕೊಳವೆಯೊಂದನ್ನು ತೋರಿಸಿದರು. ಮಳೆಗೆ ಬೆಚ್ಚಗಿನ ಸ್ಥಳವನ್ನು ಹುಡುಕಿ ಬಂದ ಇಲಿಯು ಅದನ್ನು ಕಡಿದಿತ್ತು. ಆ ತೂತಿನಿಂದಲೇ ಲೆಕ್ಕಕ್ಕೆ ಸಿಕ್ಕದ ಗಾಳಿಯು ಒಳಗೆ ನುಗ್ಗುತ್ತಿತ್ತು. “ಇಲಿ ಕಡಿದದ್ದಕ್ಕೆ ಸೆನ್ಸರು ಯಾಕೆ ಬದಲಿಸಿದ್ದು ಮಾರಾಯ್ರೆ?” ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಸೆನ್ಸರು ಸುಳ್ಳು ಹೇಳಿರಲಿಲ್ಲ. ನಿಜವನ್ನು ತಂದ ದೂತನನ್ನೇ ನಾವು ದಂಡಿಸಿದ್ದೆವು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಬುದ್ಧಿಯೇ ನಮ್ಮದಾಗಿತ್ತು.

ಆದಕಾರಣ ವಾಚಕರು ಮೊದಲು ತಿಳಿಯತಕ್ಕ ಮಾತು ಇದು: ಸಲಕರಣೆಯು ನೋವು ಎಲ್ಲಿದೆಯೆಂದು ಹೇಳುವದು; ಏಕೆ ಬಂತೆಂದು ಹೇಳಲಾರದು. ಈ ಮಿತಿಯನ್ನು ಅರಿತವರಿಗೆ ಅಗ್ಗದ ಸಲಕರಣೆಯೂ ಉಪಕಾರಿ; ಅರಿಯದವರಿಗೆ ದುಬಾರಿಯದೂ ಅಪಕಾರಿ.

ಕಾರು ತನ್ನ ದೋಷವನ್ನು ತಾನೇ ಬರೆದಿಡುವ ಈ ಏರ್ಪಾಡು ಹೊಗೆಯ ನಿಯಂತ್ರಣಕ್ಕಾಗಿ ಹುಟ್ಟಿದ್ದು. ಅಮೆರಿಕದಲ್ಲಿ ೧೯೯೬ರಿಂದಲೂ, ಐರೋಪ್ಯ ಒಕ್ಕೂಟದ ಪೆಟ್ರೋಲು ಕಾರುಗಳಲ್ಲಿ ೨೦೦೧ರಿಂದಲೂ ಅದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಾಲ್ಕರ ನಿಯಮಗಳೊಡನೆ ೨೦೧೦ರ ಏಪ್ರಿಲಿನಿಂದ ಮೊದಲನೆಯ ಹಂತವೂ, ೨೦೧೩ರ ಏಪ್ರಿಲಿನಿಂದ ಎರಡನೆಯ ಹಂತವೂ ಜಾರಿಗೆ ಬಂದವು. ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ, ಹದಿನಾರು ಕಿಂಡಿಗಳುಳ್ಳ ಸಾಕೆಟ್ಟು ಇರುವದು. ಸಲಕರಣೆಯನ್ನು ಸಿಕ್ಕಿಸತಕ್ಕದ್ದು ಅಲ್ಲಿಯೇ. ೨೦೧೩ರ ಏಪ್ರಿಲಿನ ತರುವಾಯ ತಯಾರಾದ ಪೆಟ್ರೋಲು, ಡೀಸೆಲು ಕಾರುಗಳಿಗೆ ಸಾಮಾನ್ಯ ಸ್ಕ್ಯಾನರುಗಳು ಹೊಂದುವವು. ೨೦೧೦ಕ್ಕಿಂತ ಹಳೆಯ ಕೆಲವು ಕಾರುಗಳಲ್ಲಿ ಅದೇ ಆಕಾರದ ಸಾಕೆಟ್ಟು ಇದ್ದರೂ, ಒಳಗಿನ ಭಾಷೆಯು ಆಯಾ ಕಂಪೆನಿಯದೇ ಆಗಿರುವದುಂಟು. ವಿದ್ಯುತ್ತಿನಿಂದ ಓಡುವ ಕಾರುಗಳ ಸಂಗತಿಯೇ ಬೇರೆ. ಅವುಗಳನ್ನು ಇಲ್ಲಿ ಸೇರಿಸಿಲ್ಲ.

ಪೇಟೆಯ ಸಲಕರಣೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ತುಂಡು. ಅದು ಬ್ಲೂಟೂತ್ ಅಥವಾ ವೈಫೈ ಮೂಲಕ ನಮ್ಮ ಮೊಬೈಲಿಗೆ ಸುದ್ದಿಯನ್ನು ಕಳುಹುವದು. ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪುಗಳು ಅದನ್ನು ಓದಿ ತೋರಿಸುವವು. ಕೆಲವು ನೂರು ರೂಪಾಯಿಗಳಿಂದಲೇ ದೊರೆಯುವದು. ಎರಡನೆಯದು ತನ್ನದೇ ಪರದೆಯುಳ್ಳ ಕೈಯಂತ್ರ; ಮೊಬೈಲಿನ ಹಂಗಿಲ್ಲ, ವೃದ್ಧರಿಗೂ ಸುಲಭ. ಮೂರನೆಯದು ಬ್ರೇಕಿನ ಎಬಿಎಸ್, ಗಾಳಿಚೀಲ ಮೊದಲಾದ ಎಲ್ಲಾ ಅಂಗಗಳನ್ನೂ ಪರೀಕ್ಷಿಸುವ ದೊಡ್ಡ ಸಲಕರಣೆ. ಹತ್ತಾರು ಸಾವಿರ ರೂಪಾಯಿಯ ವೆಚ್ಚ. ಇದು ಗ್ಯಾರೇಜಿನವರಿಗೆ ಬೇಕಾದದ್ದು. ಒಂದೇ ಕಾರುಳ್ಳ ಗೃಹಸ್ಥರಿಗೆ ಮೊದಲೆರಡರಲ್ಲಿ ಒಂದು ಸಾಕೆಂದು ನಮ್ಮ ಅಭಿಪ್ರಾಯ. ಆದರೆ ಇವು ಹೆಚ್ಚಾಗಿ ಇಂಜಿನನ್ನು ಮಾತ್ರ ನೋಡತಕ್ಕವು. ಎಬಿಎಸ್ ದೀಪವು ಉರಿಯುತ್ತಿರುವಾಗಲೂ ಅವು ‘ದೋಷವಿಲ್ಲ’ ಎಂದು ಹೇಳಬಹುದು. ಆ ಮಾತನ್ನು ನಂಬಿ ಬ್ರೇಕಿನ ವಿಷಯದಲ್ಲಿ ಸುಮ್ಮನಿರಬಾರದು.

ಮೊದಲನೆಯ ಬಗೆಯಲ್ಲಿ ನಕಲಿನ ಹಾವಳಿ ಬಹಳ. ಕೆನಡ ದೇಶದ ಎಲ್ಮ್ ಇಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯು ನಿರ್ಮಿಸಿದ ಇಎಲ್‌ಎಂ ೩೨೭ ಎಂಬ ಚಿಪ್ಪೇ ಇವುಗಳ ಮೂಲ. ಆ ಸಂಸ್ಥೆಯು ೨೦೨೨ರಲ್ಲಿ ಮುಚ್ಚಿತು. ನಕಲುಗಳು ಮಾತ್ರ ಬೆಳೆಯುತ್ತಲೇ ಇವೆ. ಪೆಟ್ಟಿಗೆಯ ಮೇಲೆ ‘ಆವೃತ್ತಿ ೧.೫’ ಎಂದು ಮುದ್ರಿಸಿರುವದನ್ನು ವಾಚಕರು ಕಂಡಿರಬಹುದು. ಮೂಲಸಂಸ್ಥೆಯು ಹೊರತಂದ ಆವೃತ್ತಿಗಳಲ್ಲಿ ೧.೫ ಎಂಬದು ಇರಲೇ ಇಲ್ಲ! ನಕಲೆಲ್ಲವೂ ನಿಷ್ಪ್ರಯೋಜಕವೆಂದು ಹೇಳುವದಿಲ್ಲ. ಮುದ್ರಿತ ಅಂಕೆಯನ್ನು ನಂಬದೆ, ಹಿಂದಿರುಗಿಸುವ ಕರಾರಿನ ಮೇಲೆ ಕೊಂಡು, ನಮ್ಮ ಕಾರಿನಲ್ಲಿಯೇ ಪರೀಕ್ಷಿಸತಕ್ಕದ್ದು. ಐಫೋನುಳ್ಳವರು ಹಳೆಯ ಬಗೆಯ ಬ್ಲೂಟೂತನ್ನು ಕೊಳ್ಳದೆ, ವೈಫೈ ಅಥವಾ ಬ್ಲೂಟೂತ್ ಎಲ್‌ಇ ಉಳ್ಳದ್ದನ್ನು ಕೇಳಬೇಕು.

ಸಂಕೇತವನ್ನು ಓದುವದು ಎಲ್ಲವಕ್ಕೂ ಬರುವದು. ಕೊಳ್ಳುವಾಗ ಬೇರೆ ಮೂರು ಗುಣಗಳನ್ನು ಕೇಳಿ ನೋಡಬೇಕು. ಒಂದು, ದೋಷವು ಕಂಡ ಕ್ಷಣದಲ್ಲಿ ಕಾರಿನ ವೇಗವೆಷ್ಟು, ಇಂಜಿನಿನ ಶಾಖವೆಷ್ಟು ಎಂದು ಕಾರು ಬರೆದಿಟ್ಟುಕೊಂಡ ಲೆಕ್ಕವನ್ನು ತೋರಿಸಬೇಕು. ಇದಕ್ಕೆ ಫ್ರೀಜ್ ಫ್ರೇಮ್ ಎಂದು ಹೆಸರು. ಎರಡು, ಇಂಜಿನು ಓಡುತ್ತಿರುವಾಗಿನ ಅಂಕೆಗಳನ್ನು ತೋರಿಸಬೇಕು. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಶಾಖದ ಮುಳ್ಳೇ ಇಲ್ಲ. ಘಾಟಿಯನ್ನು ಏರುವಾಗ ನೀರಿನ ಶಾಖವು ೯೦ ಡಿಗ್ರಿಯ ಆಸುಪಾಸಿನಲ್ಲಿದೆಯೋ ಮೇಲಕ್ಕೇರುತ್ತಿದೆಯೋ ಎಂದು ಪಕ್ಕದಲ್ಲಿ ಕುಳಿತವರು ನೋಡಿ ಹೇಳಬಹುದು. ಮೂರು, ಕಾರು ತನ್ನ ಸ್ವಪರೀಕ್ಷೆಗಳನ್ನು ಮುಗಿಸಿದೆಯೋ ಇಲ್ಲವೋ ಎಂಬದನ್ನು ತೋರಿಸಬೇಕು.

ಈ ಮೂರನೆಯ ಗುಣವು ಹಳೆಯ ಕಾರನ್ನು ಕೊಳ್ಳುವವರಿಗೆ ಬಹಳ ಬೆಲೆಯುಳ್ಳದ್ದು. ದೀಪವು ಉರಿಯುತ್ತಿದ್ದ ಕಾರಿನ ಸಂಕೇತವನ್ನು ಅದೇ ದಿನ ಬೆಳಿಗ್ಗೆ ಅಳಿಸಿ, ಗಿರಾಕಿಗೆ ‘ನೋಡಿ, ಒಂದು ದೋಷವೂ ಇಲ್ಲ’ ಎಂದು ತೋರಿಸುವವರುಂಟು. ಆದರೆ ಸಂಕೇತವನ್ನು ಅಳಿಸಿದೊಡನೆ ಸ್ವಪರೀಕ್ಷೆಗಳೂ ಅಳಿಸಿಹೋಗುವವು. ಅವು ಪುನಃ ಪೂರ್ತಿಯಾಗಬೇಕಾದರೆ ಕೆಲವು ದಿನಗಳ ಓಡಾಟವು ಬೇಕು. ದೋಷವಿಲ್ಲವೆಂದೂ, ಪರೀಕ್ಷೆಗಳು ಅಪೂರ್ಣವೆಂದೂ ಒಟ್ಟಿಗೆ ಕಂಡರೆ ಕಾರಣವನ್ನು ಕೇಳಿರಿ. ಬೇಟರಿಯನ್ನು ಬಿಚ್ಚಿದ್ದರೂ ಹೀಗಾಗಬಹುದಾದ ಕಾರಣ ಒಮ್ಮೆಲೇ ಯಾರನ್ನೂ ಮೋಸಗಾರನೆನ್ನಬಾರದು. ಒಂದು ವಾರ ಕಳೆದು ಪುನಃ ನೋಡುವೆನೆಂದು ಹೇಳಿದರೆ ಸಾಕು.

ಕೊಂಡ ಮೇಲೆ ಉಪಯೋಗಿಸುವ ಕ್ರಮವನ್ನೂ ತಿಳಿಯಬೇಕಷ್ಟೆ. ಸಂಕೇತವನ್ನು ಬರೆದಿಟ್ಟುಕೊಳ್ಳದೆ ಅಳಿಸಬಾರದು, ಅಳಿಸುವದು ಚಿಕಿತ್ಸೆಯಲ್ಲ. ಅನಂತರ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಬೇಕು. ನಮ್ಮ ಮಂಗಳೂರಿನ ಉಪ್ಪುಗಾಳಿಗೆ ತಂತಿಯ ಕೂಡುಗಳಲ್ಲಿ ಕಿಲುಬು ಹಿಡಿಯುವದು, ಇಲಿಯ ಕಾಟವಂತೂ ಮನೆಮನೆಯ ಕಥೆ. ಆದುದರಿಂದ ತಂತಿ, ಕೊಳವೆಗಳ ಮೇಲೆ ಒಮ್ಮೆ ಕಣ್ಣಾಡಿಸಿರಿ. ಪಿ ೦೩೦೧ ಎಂದು ಬಂದರೆ, ಒಂದನೆಯ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಹೊತ್ತದಿರುವದು ಒಂದು ಕಾರಣವಾಗಿರಬಹುದು. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲುಗಳಿರುವ ಕಾರಾದರೆ, ಇಂಜಿನು ಆರಿದ ಮೇಲೆ ಒಂದನೆಯ ಕಾಯಿಲನ್ನು ಎರಡನೆಯದರೊಡನೆ ಅದಲುಬದಲು ಮಾಡಿ ಓಡಿಸಿ ನೋಡಬಹುದು. ಆಗ ಸಂಕೇತವು ಪಿ ೦೩೦೨ ಎಂದಾದರೆ ಕೆಟ್ಟಿರುವದು ಕಾಯಿಲೇ. ಬದಲಾಗದಿದ್ದರೆ ಬೇರೆ ಕಡೆಗೆ ಹುಡುಕಬೇಕು. ಒಂದು ರೂಪಾಯಿಯನ್ನೂ ವೆಚ್ಚಮಾಡದೆ ದೊರೆತ ನಿಶ್ಚಯವಿದು.

ದೀಪದ ಭಾಷೆಯನ್ನು ಮನೆಯಲ್ಲಿ ಕಾರು ನಡೆಯಿಸುವವರೆಲ್ಲರೂ ಕಲಿಯಬೇಕು. ಹಳದಿ ದೀಪವು ಒಂದೇ ಸಮನೆ ಉರಿಯುತ್ತಿದ್ದು, ಕಾರಿನ ನಡೆಯಲ್ಲಿ ವ್ಯತ್ಯಾಸವಿಲ್ಲದಿದ್ದರೆ ಮೆಲ್ಲನೆ ಮನೆಯನ್ನು ಸೇರಿ ಬೇಗನೆ ತೋರಿಸಬಹುದು. ಅದೇ ದೀಪವು ಮಿಣುಕುತ್ತಿದ್ದರೆ, ಸುಡದ ಪೆಟ್ರೋಲು ಹೊಗೆಕೊಳವೆಗೆ ಸೇರಿ ಬಹು ಬೆಲೆಯುಳ್ಳ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುವ ಸಂಭವವುಂಟು. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಎಣ್ಣೆಯ ಅಥವಾ ಶಾಖದ ಕೆಂಪು ದೀಪವು ಹೊತ್ತಿದರಂತೂ ಸ್ಕ್ಯಾನರನ್ನು ಹುಡುಕುತ್ತಾ ಕುಳಿತುಕೊಳ್ಳಬಾರದು. ಇಂಜಿನನ್ನು ಕೂಡಲೇ ನಿಲ್ಲಿಸತಕ್ಕದ್ದು. ಕೆಲಸ ಮುಗಿದ ಮೇಲೆ ಸಲಕರಣೆಯನ್ನು ತೆಗೆದಿಡಿರಿ. ಸಾಕೆಟ್ಟಿನಲ್ಲಿಯೇ ಬಿಟ್ಟರೆ ನಿಂತ ಕಾರಿನ ಬೇಟರಿಯನ್ನು ಹೀರುವದು.

ಕೊನೆಯದಾಗಿ ಒಂದು ಮಾತು. ಸಲಕರಣೆಯು ಕೈಗೆ ಬಂತೆಂದು ಒಳ್ಳೆಯ ಮೆಕ್ಯಾನಿಕರ ಸ್ನೇಹವನ್ನು ಬಿಡಬೇಡಿರಿ. ಅವರೊಡನೆ ‘ಈ ಭಾಗವನ್ನು ಬದಲಿಸಿ’ ಎನ್ನದೆ, ‘ಈ ಸಂಕೇತ ಬಂದಿದೆ, ಘಾಟಿ ಏರುವಾಗ ಬಂತು, ಕಾರಣವನ್ನು ನೋಡಿ ಹೇಳಿ’ ಎನ್ನಿರಿ. ನಾವು ಅಂದು ಹೀಗೆ ಕೇಳಿದ್ದರೆ ಹಣವೂ ಉಳಿಯುತ್ತಿತ್ತು, ಮನೆಯವರು ಮಳೆಯಲ್ಲಿ ಘಾಟಿಯ ನಡುವೆ ಸಿಕ್ಕಿಬೀಳುವದೂ ತಪ್ಪುತ್ತಿತ್ತು. ಮಳೆಗಾಲದಲ್ಲಿ ಬೇಟರಿಯನ್ನು ಕಾಪಾಡಿಕೊಳ್ಳುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.